ಕೂತವರ ಎತ್ತರದ ಗೋಡೆ

ಶಿರಾದಿಂದ ಒಂದು ಕಾರ್ಡು ಬಂದಿದೆ. ಬರೆದವನು, ನಾನು ಅಲ್ಲಿದ್ದಾಗ ನಮ್ಮ ಗಲ್ಲಿಯ ತುದಿಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದವನು. ಮೇಸ್ತ್ರಿಗಳು ತೀರಿಕೊಂಡು ಎರಡು ತಿಂಗಳಾಯಿತಂತೆ. ಕಾರ್ಡು ಮೊದಲು ಮಧುಗಿರಿಗೆ ಹೋಗಿ, ನಾನು ಅಲ್ಲಿಲ್ಲವೆಂದು ತಿಳಿದು, ವಿಳಾಸ ತಿದ್ದಿಸಿಕೊಂಡು ಪಾವಗಡಕ್ಕೆ ಬಂದಿದೆ. ತಂದುಕೊಟ್ಟ ಜವಾನ ದಾರಿಯಲ್ಲೇ ಅದನ್ನು ಓದಿರಬೇಕು. "ಏಂ ಸಾರ್, ಮನವಾಳ್ಳಾ?" ಎಂದು ತೆಲುಗಿನಲ್ಲಿ ಕೇಳಿದ. ನಮ್ಮವರಲ್ಲ, ಪಕ್ಕದ ಮನೆಯವರಾಗಿದ್ದರು ಎಂದೆ. ಹಾಗಾದರೆ ಚಿಂತೆಯಿಲ್ಲ ಎಂಬಂತೆ ತಲೆಯಾಡಿಸಿ ಹೋದ.

ಕಾರ್ಡಿನಲ್ಲಿ ಇನ್ನೂ ಎರಡು ಮೂರು ಸಾಲುಗಳಿವೆ. ಅವು ಕೊನೆಗಿರಲಿ.

ಮೇಸ್ತ್ರಿಗಳ ಹೆಸರನ್ನು ನಾನು ಬರೆಯುವುದಿಲ್ಲ. ಒಂದು ಕಚೇರಿಯ ಕಡತದಲ್ಲಿ ಆ ಹೆಸರಿನ ಮುಂದೆ 'ಸುಳ್ಳು ಹೇಳಿಕೆ' ಎಂದು ಬರೆದಿದೆ. ಇನ್ನೊಂದು ಕಾಗದದ ಮೇಲೆ ಅದು ಬರುವುದು ಬೇಡ. ಗಲ್ಲಿಯಲ್ಲಿ ಎಲ್ಲರೂ ಅವರನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತಿದ್ದೆ.

ಕಾಲೇಜಿನಲ್ಲಿದ್ದಾಗಿನಿಂದ ನನಗೆ ದಿನಚರಿ ಬರೆಯುವ ಅಭ್ಯಾಸ. ಮೈಸೂರಿನಲ್ಲಿ ಬಿ.ಎ. ಮುಗಿಸಿ, ತೋವಿನಕೆರೆಯ ಮನೆಯಲ್ಲಿ ಒಂದು ವರ್ಷ ಸುಮ್ಮನೆ ಕೂತು, ಆಮೇಲೆ ಶಿರಾದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ ಕೆಲಸಕ್ಕೆ ಸೇರಿದ್ದು ಅರವತ್ತೊಂದರಲ್ಲಿ. ಆ ವರ್ಷದ ದಿನಚರಿಯನ್ನು ಈಗ ಪೆಟ್ಟಿಗೆಯಿಂದ ತೆಗೆದು ನೋಡಿದೆ. ಮನೆ ಹಿಡಿದ ದಿನ ಹೀಗೆ ಬರೆದಿದ್ದೇನೆ: "ಪಕ್ಕದಲ್ಲಿ ಒಬ್ಬ ಸಾಬರು. ಕಾಲಿಲ್ಲ. ಮಾತು ಜಾಸ್ತಿ."

ಮೂರರಲ್ಲಿ ಎರಡು ತಪ್ಪು. ಅವರಿಗೆ ಕಾಲುಗಳಿದ್ದವು, ಸೊಂಟದಿಂದ ಕೆಳಗೆ ಅವು ಕೆಲಸ ಮಾಡುತ್ತಿರಲಿಲ್ಲ. ಮಾತೂ ಜಾಸ್ತಿಯೇನಲ್ಲ. ಅವರು ಅಂದು ನನ್ನ ಜೊತೆ ಆಡಿದ್ದು ಒಂದೇ ಮಾತು. ನಾನು ಟ್ರಂಕು ಇಳಿಸುತ್ತಿದ್ದಾಗ ತಮ್ಮ ಜಗಲಿಯ ಮೇಲಿಂದ ನನ್ನ ಮನೆಯ ಗೋಡೆಯನ್ನು ನೋಡುತ್ತ, "ಆ ಮೂಲೆಗೆ ಪುಸ್ತಕ ಇಡಬ್ಯಾಡಿ ಸಾಮಿ, ಅಲ್ಲಿ ಗೋಡೆ ನೀರು ಕುಡೀತೈತೆ" ಎಂದಿದ್ದರು. ನಾನು ಅಲ್ಲೇ ಇಟ್ಟೆ. ಆ ವರ್ಷ ಬಂದ ಒಂದೇ ಒಂದು ಒಳ್ಳೆಯ ಮಳೆಗೆ ನನ್ನ ಅರ್ಧ ಪುಸ್ತಕಗಳು ಉಬ್ಬಿಕೊಂಡವು.

ಅವರು ಗಾರೆ ಕೆಲಸದವರು. ಶಿರಾದ ಹಳೆಯ ಗೋರಿಗಳ ಗುಮ್ಮಟಗಳನ್ನು ತೋರಿಸಿ, ಇವನ್ನು ಕಟ್ಟಿದವರು ನಮ್ಮ ಮುತ್ತಾತನ ಮುತ್ತಾತಂದಿರು ಎಂದು ಒಮ್ಮೆ ಹೇಳಿ, ತಕ್ಷಣ, "ಎಲ್ಲಾ ಮೇಸ್ತ್ರಿಗಳೂ ಅಂಗೇ ಹೇಳ್ಕೊಂತಾರೆ ಬುಡಿ" ಎಂದು ನಕ್ಕಿದ್ದರು. ಮಾತಾಡುವಾಗ ಪಕ್ಕದ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುವುದು ಅವರ ಅಭ್ಯಾಸ. ವೈದ್ಯರು ಎದೆ ತಟ್ಟಿ ನೋಡುತ್ತಾರಲ್ಲ, ಹಾಗೆ. ಕೆಲಸ ನಿಂತು ಹೋಗಿದ್ದರೂ ತೂಕದ ಗುಂಡನ್ನು ದಾರದ ಸಮೇತ ಷರಟಿನ ಜೇಬಿನಲ್ಲೇ ಇಟ್ಟುಕೊಂಡಿರುತ್ತಿದ್ದರು. ಗೋಡೆ ನೆಟ್ಟಗಿದೆಯೇ ಎಂದು ನೋಡುವ ಹಿತ್ತಾಳೆಯ ಗುಂಡು. ಆ ಕಡೆಯ ಜೇಬು ಯಾವಾಗಲೂ ಜೋತುಬಿದ್ದಿರುತ್ತಿತ್ತು.

ಅವರು ಬಿದ್ದದ್ದು ನಾನು ಬರುವ ಎರಡು ವರ್ಷ ಮೊದಲು. ನಮ್ಮ ಕಚೇರಿಯ ಹಿಂದೆ ದಾಸ್ತಾನಿನ ಕೊಠಡಿ ಕಟ್ಟುವಾಗ ಸಾರವೆಯ ಹಗ್ಗ ಕಿತ್ತು, ನಿಂತಿದ್ದ ಹಲಗೆ ಸಮೇತ ಕಲ್ಲಿನ ರಾಶಿಯ ಮೇಲೆ ಬಿದ್ದರು. ಕಂತ್ರಾಟುದಾರ ಆಸ್ಪತ್ರೆಗೆ ಸೇರಿಸಿ, ಒಂದು ಸಲ ಬಂದು ನೋಡಿಕೊಂಡು ಹೋದ. ಆಮೇಲೆ ನೋಡಿದರೆ ಅವನ ಕೂಲಿಯವರ ಪಟ್ಟಿಯಲ್ಲಿ ಇವರ ಹೆಸರೇ ಇರಲಿಲ್ಲ.

ಅವರ ಮನೆ ಅವರೇ ಕಟ್ಟಿದ್ದು. ಹಿತ್ತಿಲ ಬಾಗಿಲಲ್ಲಿ ಒಂದು ಗೇಣು ಎತ್ತರದ ಕಲ್ಲಿನ ಹೊಸ್ತಿಲು, ಅದರಾಚೆ ನಾಲ್ಕು ಕಲ್ಲಿನ ಮೆಟ್ಟಿಲು, ಕೆಳಗೆ ಅಂಗಳ, ಅದರಲ್ಲೊಂದು ಬಾವಿ, ಅಂಗಳದ ಕೊನೆಯಲ್ಲಿ ಕಕ್ಕಸು, ಪಕ್ಕದಲ್ಲಿ ಬಚ್ಚಲು. ಸೈಕಲ್ ಅಂಗಡಿಯವನು ಹಲಗೆಯೊಂದಕ್ಕೆ ಹಳೆಯ ಲಾರಿಯ ಬೇರಿಂಗುಗಳನ್ನು ಜೋಡಿಸಿ ಗಾಡಿ ಮಾಡಿಕೊಟ್ಟಿದ್ದ. ಅದರ ಮೇಲೆ ಕೂತು, ಎರಡು ಕೈಯಿಂದ ನೆಲವನ್ನು ಹಿಂದಕ್ಕೆ ತಳ್ಳುತ್ತ, ಮನೆಯೊಳಗೆ ಎಲ್ಲಿ ಬೇಕಾದರೂ ಹೋಗುತ್ತಿದ್ದರು. ಆದರೆ ಹಿತ್ತಿಲ ಬಾಗಿಲಿನವರೆಗೆ ಮಾತ್ರ. ಅಲ್ಲಿಂದ ಮುಂದೆ ಅವರ ಹೆಂಡತಿ ಅವರನ್ನು ಬೆನ್ನ ಮೇಲೆ ಹೊತ್ತು ಇಳಿಸಬೇಕಿತ್ತು, ಮತ್ತೆ ಹೊತ್ತು ಹತ್ತಿಸಬೇಕಿತ್ತು. ದಿನಕ್ಕೆ ಎರಡು ಸಲ. ಹೊಟ್ಟೆ ಕೆಟ್ಟ ದಿನ ಇನ್ನೂ ಹೆಚ್ಚು.

ಆಕೆಯ ವಯಸ್ಸು ಐವತ್ತರ ಮೇಲಿತ್ತು. ನಾನು ಆಕೆಯನ್ನು ಮೊದಲು ತಿಳಿದದ್ದು ದನಿಯಿಂದ. ಬಾಗಿಲ ಪರದೆಯ ಹಿಂದಿನಿಂದ ಕೈ ಮಾತ್ರ ಹೊರಗೆ ಬಂದು ಚಹಾದ ಲೋಟ ಇಡುತ್ತಿತ್ತು. ಮೇಸ್ತ್ರಿಗಳು ಹೆಂಡತಿಯನ್ನು ಹಾಸ್ಯ ಮಾಡುತ್ತಿದ್ದರು, "ನಮ್ ಮನೇಲೂ ಒಂದು ಕುದ್ರೆ ಐತೆ ಸಾಮಿ" ಎಂದು. ಒಳಗಿನಿಂದ ಉತ್ತರ ಬರುತ್ತಿತ್ತು: "ಕುದ್ರೆಗೆ ಹುರ್ಳಿ ಬೇಯ್ಸಿ ಹಾಕ್ತಾರೆ. ಇಲ್ಲಿ ಕುದ್ರೇನೇ ಬೇಯ್ಸಿ ಹಾಕ್ಬೇಕು." ಇಬ್ಬರೂ ನಗುತ್ತಿದ್ದರು. ಆ ನಗು ನನಗೆ ಸ್ಪಷ್ಟವಾಗಿ ನೆನಪಿದೆ. ಆದರೆ ಆಗಲೇ ಆಕೆಗೆ ರಾತ್ರಿ ಮಗ್ಗುಲು ಬದಲಿಸಲು ಆಗುತ್ತಿರಲಿಲ್ಲವೆಂದು, ಬೆನ್ನಿಗೆ ಬಿಸಿ ಇಟ್ಟಿಗೆ ಕಟ್ಟಿಕೊಂಡು ಮಲಗುತ್ತಿದ್ದರೆಂದು, ಆಮೇಲೆ ಸೈಕಲ್ ಅಂಗಡಿಯವನಿಂದ ತಿಳಿಯಿತು.

ಮೇಸ್ತ್ರಿಗಳಿಗೆ ಬೇಕಾಗಿದ್ದದ್ದು ಒಂದೇ. ಆ ನಾಲ್ಕು ಮೆಟ್ಟಿಲಿನ ಜಾಗದಲ್ಲಿ ಕಲ್ಲು ಗಾರೆಯ ಇಳಿಜಾರು. ಲೆಕ್ಕ ಅವರ ನಾಲಿಗೆಯ ತುದಿಯಲ್ಲಿತ್ತು. "ಒಂದಡಿ ಇಳೀಬೇಕಾದ್ರೆ ಎಂಟಡಿ ಓಟ ಬೇಕು. ನಮ್ದು ಎರಡಡಿ. ಹದಿನಾರಡಿ ಆಯ್ತು. ಸೀದಾ ಹೋದ್ರೆ ಬಾವಿಗೆ ಹೋಯ್ತೀನಿ, ಅದುಕ್ಕೆ ಮಧ್ಯ ಒಂದು ತಿರುವು." ಇದೆಲ್ಲ ಏಕೆ, ಒಂದು ಉದ್ದದ ಹಲಗೆ ಇಟ್ಟರಾಯಿತಲ್ಲ ಎಂದು ನಾನು ಒಮ್ಮೆ ನನ್ನ ಮಂಚದ ಹಲಗೆಯನ್ನೇ ತಂದು ಇಟ್ಟೆ. ಅವರು ನನ್ನ ಸಮಾಧಾನಕ್ಕೆ ಒಪ್ಪಿದರು. ಗಾಡಿ ಹಲಗೆಯ ಮೇಲೆ ಬಂದದ್ದೇ ತಡ, ಜಾರಿ, ಅವರು ಬಚ್ಚಲಿನ ಹಂಡೆಗೆ ಹೋಗಿ ಬಡಿದರು. ಎತ್ತಿ ಕೂರಿಸಿದಾಗ ಮೊಣಕೈ ಒರೆಸಿಕೊಂಡು, "ಬಿ.ಎ. ಪಾಸು ಅಂದ್ರಲ್ಲ?" ಎಂದರು.

ಇಳಿಜಾರನ್ನು ಅವರೇ ಕಟ್ಟಿಸಿಕೊಳ್ಳಬಹುದಿತ್ತಲ್ಲ ಎಂದು ಈಗ ಅನ್ನಿಸುತ್ತದೆ. ಕಲ್ಲು, ಸುಣ್ಣ ಕೊಳ್ಳಲು ಕೈಯಲ್ಲಿ ಏನೂ ಇರಲಿಲ್ಲ, ಅದು ನಿಜ. ಆದರೆ ಅವರ ಕೈಕೆಳಗೆ ಪಳಗಿದ ಒಬ್ಬ ಗಾರೆಯವನು ಬಂದು, ನಾನು ಮಾಡಿಕೊಡುತ್ತೇನೆ, ನನಗೇನೂ ಬೇಡ ಎಂದಿದ್ದ. ಮೇಸ್ತ್ರಿಗಳು ಒಪ್ಪಲಿಲ್ಲ. ಕೂಲಿಯಿಲ್ಲದೆ ಕಟ್ಟಿದ್ದು ನಿಲ್ಲುವುದಿಲ್ಲ ಎಂದು ಅವನನ್ನು ಕಳಿಸಿಬಿಟ್ಟರು. ನನ್ನ ಹತ್ತಿರ ಬೇರೆ ಕಾರಣ ಹೇಳಿದರು: "ನಾನ್ ಬಿದ್ದಿದ್ದು ಸರ್ಕಾರದ ಗೋಡೆಯಿಂದ ಸಾಮಿ. ದಾನ ಕೇಳ್ತಾ ಇಲ್ಲ. ಇಳಿಜಾರು ಸರ್ಕಾರಾನೇ ಕಟ್ಲಿ." ಅದನ್ನು ಹಠ ಎಂದು ನಾನು ಅಂದು ಬರೆದುಕೊಂಡಿದ್ದೇನೆ. ಇವತ್ತು ಆ ಪದ ಬರೆಯುವೆನೋ ಇಲ್ಲವೋ ಗೊತ್ತಿಲ್ಲ.

ಮೊದಲ ಅರ್ಜಿ ನಾನೇ ಬರೆದೆ. ಅವರಿಗೆ ಉರ್ದುವಿನಲ್ಲಿ ರುಜು ಮಾಡಲು ಬರುತ್ತಿತ್ತು, ಕನ್ನಡ ಓದಲು ಬರುತ್ತಿರಲಿಲ್ಲ. ಅವರು ಹೇಳಿದಂತೆಯೇ ಬರೆದೆ: ಕಚೇರಿಯ ಕೆಲಸದಲ್ಲಿ ಬಿದ್ದು ನಡೆಯಲಾರದವನಾಗಿದ್ದೇನೆ, ಮನೆಯ ಹಿಂದೆ ಇಳಿಜಾರು ಕಟ್ಟಿಕೊಳ್ಳಲು ಸಹಾಯ ಮಂಜೂರು ಮಾಡಬೇಕು. ಹದಿನೈದು ದಿನಕ್ಕೆ ವಾಪಸು ಬಂತು. 'ಈ ಬಾಬತ್ತಿಗೆ ಅವಕಾಶವಿಲ್ಲ.' ಕಚೇರಿಯಲ್ಲಿ ಬಾವಿಗೆ ಹಣ ಕೊಡುವ ಬಾಬತ್ತಿತ್ತು, ಎತ್ತಿಗೆ ಇತ್ತು, ಗೊಬ್ಬರದ ಗುಂಡಿಗೂ ಇತ್ತು. ಮಳೆಗೆ ಬಿದ್ದ ಮನೆಗೆ ಇತ್ತು. ಬಿದ್ದ ಮನುಷ್ಯನಿಗೆ ಇರಲಿಲ್ಲ.

ಎರಡನೆಯ ಅರ್ಜಿಯನ್ನು ಖುದ್ದಾಗಿ ಬಂದು ಕೊಡಬೇಕೆಂದರು. ನಮ್ಮ ಕಚೇರಿಗೆ ಏಳು ಮೆಟ್ಟಿಲುಗಳಿದ್ದವು. ಸೈಕಲ್ ಅಂಗಡಿಯವನು ಅವರನ್ನು ಗಾಡಿಯಲ್ಲಿ ಎಳೆದುಕೊಂಡು ಬಂದ. ಹೊತ್ತು ತರಲು ಜವಾನರು ಮುಂದೆ ಬಂದರೆ ಬೇಡವೆಂದು, ಮೆಟ್ಟಿಲುಗಳಿಗೆ ಬೆನ್ನು ಮಾಡಿ ಕೂತು, ಕೈ ಊರಿ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಏರಿದರು. ಕಾಲುಗಳು ಅವರ ಹಿಂದೆ ಒದ್ದೆ ಬಟ್ಟೆಯ ಹಾಗೆ ಬಂದವು. ಕಚೇರಿಯ ಜನ ಕಿಟಕಿಗೆ ಬಂದು ನಿಂತಿದ್ದರು. ನಾನು ಕಿಟಕಿಯಲ್ಲಿದ್ದೆನೋ, ಮೆಟ್ಟಿಲ ಹತ್ತಿರ ಇದ್ದೆನೋ? ಹತ್ತಿರ ಇದ್ದೆ ಎಂದು ನನ್ನ ನೆನಪು ಹೇಳುತ್ತದೆ. ಆದರೆ ನೆನಪಿನಲ್ಲಿ ನಾನು ಕಾಣುವುದು ಅವರ ನೆತ್ತಿಯನ್ನು, ಮೇಲಿನಿಂದ. ಕಿಟಕಿಯಲ್ಲಿಯೇ ಇದ್ದಿರಬೇಕು.

ನಾಲ್ಕನೆಯ ಮೆಟ್ಟಿಲಲ್ಲಿ ಕೂತು ದಣಿವಾರಿಸಿಕೊಂಡರು. ಕಲ್ಲಿನ ಅಂಚನ್ನು ಅಂಗೈಯಿಂದ ಸವರಿ ಜವಾನನಿಗೆ ಹೇಳಿದರು: "ಇವು ನಾನೇ ಕಟ್ಟಿದ್ದು ಕಣಪ್ಪ. ಇಷ್ಟು ಎತ್ರ ಬ್ಯಾಡ ಅಂದೆ. ಕಚೇರಿ ಅಂದ್ರೆ ಎತ್ರಕ್ಕೆ ಕಾಣಬೇಕು ಅಂದ್ರು."

ಆ ದಿನ ನಮ್ಮ ಸಾಹೇಬರು ಕೆಟ್ಟವರಾಗಿರಲಿಲ್ಲ. ಅರ್ಜಿ ತೆಗೆದುಕೊಂಡು, ವರ್ಷದ ಕಂದಾಯದ ಲೆಕ್ಕ ನೋಡುವ ಜಮಾಬಂದಿಗೆ ಜಿಲ್ಲೆಯ ದೊಡ್ಡವರು ಬರುತ್ತಾರೆ, ಅವರ ವಿವೇಚನೆಯಲ್ಲಿ ಸ್ವಲ್ಪ ಹಣವಿರುತ್ತದೆ, ಆಗ ಮುಂದಿಡೋಣ ಎಂದು ಅರ್ಜಿಯ ಮೇಲೆ ಬರೆದರು. ಜಮಾಬಂದಿಗೆ ಐದು ತಿಂಗಳಿತ್ತು.

ಐದು ತಿಂಗಳು ಕಾಯಲು ನನಗೆ ಆಗಲಿಲ್ಲ. ಕಾಯಬೇಕಾದ್ದು ನಾನಲ್ಲ, ಆದರೂ ಆಗಲಿಲ್ಲ. ಪ್ರತಿ ಬೆಳಿಗ್ಗೆ ಗೋಡೆಯಾಚೆ ಆಕೆ ಮೆಟ್ಟಿಲಿಳಿಯುವ ಶಬ್ದ ಕೇಳುತ್ತಿತ್ತು. ಪ್ರತಿ ಮೆಟ್ಟಿಲಿಗೆ ಒಂದು ಉಸಿರು, ನಾಲ್ಕನೆಯದಕ್ಕೆ 'ಯಾ ಅಲ್ಲಾ.' ಅನುಕಂಪದಿಂದ ಮಾಡಿದೆನೋ, ಕಚೇರಿಯ ಒಳದಾರಿಗಳು ನನಗೆ ಗೊತ್ತೆಂದು ತೋರಿಸಿಕೊಳ್ಳಲು ಮಾಡಿದೆನೋ, ಈಗ ಬೇರೆ ಮಾಡಿ ಹೇಳಲಾರೆ. ಮೂರನೆಯ ಅರ್ಜಿ ಬರೆದೆ. 'ಈಚಿನ ಮಳೆಗೆ ಮನೆಯ ಹಿಂಭಾಗದ ಗೋಡೆ ಕುಸಿದು ಬಿದ್ದಿರುವುದರಿಂದ.' ಬಿದ್ದ ಗೋಡೆಗೆ ಬಾಬತ್ತಿತ್ತಲ್ಲ. ಎಲ್ಲರೂ ಹಾಗೆ ಬರೆಯುತ್ತಿದ್ದರು. ಮಂಜೂರಾಗುವುದು ಗೋಡೆಗೆ, ಕಟ್ಟುವುದು ಇಳಿಜಾರು.

ಆ ದಿನದ ದಿನಚರಿಯಲ್ಲಿ ಇರುವುದು ಇಷ್ಟು: "ಮೇಸ್ತ್ರಿಗೆ ಅರ್ಜಿ ಬರೆದೆ. ಓದಿ ಹೇಳಿ ರುಜು ಹಾಕಿಸಿದೆ. ಮಳೆಯ ಸುಳಿವಿಲ್ಲ."

ಓದಿ ಹೇಳಿದೆ ಎಂದಿದೆ. ಆದರೆ ನನಗೆ ನೆನಪಿರುವುದು ಬೇರೆ. ನಾನು ಮೊದಲ ಎರಡು ಸಾಲು, ಕೊನೆಯ ಸಾಲು ಓದಿದೆ. ಮಧ್ಯದ ಸಾಲಿಗೆ ಬಂದಾಗ ಚಹಾ ಕುಡಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಕಾಗದವನ್ನಲ್ಲ. ನೆನಪನ್ನು ನಂಬಬಾರದೆಂದು ದಿನಚರಿ ಇಟ್ಟವನು ನಾನು. ಈ ಒಂದು ವಿಷಯದಲ್ಲಿ ದಿನಚರಿಗಿಂತ ನೆನಪನ್ನೇ ನಂಬುತ್ತೇನೆ. ಏಕೆಂದರೆ ಓದಿ ಹೇಳಿದ್ದರೆ 'ಓದಿ ಹೇಳಿದೆ' ಎಂದು ಬರೆದುಕೊಳ್ಳುವ ಅಗತ್ಯ ಬೀಳುತ್ತಿರಲಿಲ್ಲ.

ಸ್ಥಳ ನೋಡಲು ಕಂದಾಯದ ಶೇಕ್ದಾರರು ಬರುವ ದಿನ ಗೊತ್ತಾಯಿತು. ಅವರು ನನಗೆ ಪರಿಚಿತರು. ನನ್ನ ಮನೆಯಲ್ಲಿ ಕಾಫಿ ಕುಡಿದು, ಗೋಡೆ ಬಿದ್ದಿದೆಯೆಂದು ಬರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಆದರೆ ಒಬ್ಬ ಜವಾನ ಹಿಂದಿನ ಸಂಜೆಯೇ ಗಲ್ಲಿಗೆ ಬಂದು, ನಾಳೆ ನಿಮ್ಮ ಬಿದ್ದ ಗೋಡೆ ನೋಡಲು ಬರುತ್ತಾರೆ, ಮನೆಯಲ್ಲಿರಿ ಎಂದು ಮೇಸ್ತ್ರಿಗಳಿಗೆ ಹೇಳಿ ಹೋದ. ಅವರು ನನ್ನನ್ನು ಕರೆಸಿದರು. ನಾನು ಹೋದಾಗ ಹಿತ್ತಿಲ ಬಾಗಿಲಲ್ಲಿ ಕೂತು ಆ ಗೋಡೆಯನ್ನು ನೋಡುತ್ತಿದ್ದರು. ಅವರ ಅಂಗಳಕ್ಕೂ ನನ್ನ ಅಂಗಳಕ್ಕೂ ನಡುವೆ ಇದ್ದ ಕಲ್ಲಿನ ಗೋಡೆ, ಆಳೆತ್ತರಕ್ಕಿಂತ ಮೇಲೆ. ಹೆಂಗಸರ ಮರೆಗೆಂದು ಮದುವೆಯಾದ ವರ್ಷ ಅವರೇ ಕಟ್ಟಿದ್ದು.

"ಬಿದ್ದೈತೆ ಅಂತ ಬರ್ದಿದ್ದೀರಾ ಸಾಮಿ?"

ಬರೀ ಕಾಗದದ ಮೇಲೆ, ನಿಮ್ಮ ಒಳ್ಳೆಯದಕ್ಕೇ, ನಾಳೆ ನೀವೇನೂ ಮಾತಾಡಬೇಡಿ, ನಾನು ನೋಡಿಕೊಳ್ಳುತ್ತೇನೆ ಎಂದೆ.

"ನಾನ್ ಕಟ್ಟಿದ ಗೋಡೆ," ಎಂದರು. "ಮಳೆಗೆ." ಅಷ್ಟೇ. ಸಿಟ್ಟು ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಅರ್ಜಿಯಲ್ಲಿ ಸುಳ್ಳಿದೆ ಎಂದು ಅವರಿಗೆ ಬೇಸರವಾಗಬಹುದೆಂದು ನಾನು ಎಣಿಸಿದ್ದೆ. ಎಂಥ ಸುಳ್ಳು ಎಂಬುದು ನನಗೆ ಹೊಳೆದೇ ಇರಲಿಲ್ಲ. ಅವರ ಕಾಲು ಹೋದದ್ದನ್ನು ಬೇಕಾದರೆ ಊರಿಗೆಲ್ಲ ಸಾರಬಹುದಿತ್ತು. ಅವರ ಗೋಡೆ ಒಂದು ಮಳೆಗೆ ಬಿತ್ತು ಎಂದು, ಅವರದೇ ರುಜುವಿನ ಮೇಲೆ, ಕಚೇರಿಗೆ ಬರೆದುಕೊಟ್ಟಿದ್ದೆ.

ಮರುದಿನ ಶೇಕ್ದಾರರು ಕಾಫಿ ಮುಗಿಸಿ, ಶಾಸ್ತ್ರಕ್ಕೆಂದು ಪಕ್ಕದ ಮನೆಯೊಳಕ್ಕೆ ಹೋಗಿ ಹಿತ್ತಿಲ ಬಾಗಿಲಲ್ಲಿ ನಿಂತರು. ನಾನೂ ಹಿಂದೆ ಇದ್ದೆ. ಅವರು ಪುಸ್ತಕ ಬಿಚ್ಚಿ, ಆಯಿತು, ಬಿದ್ದಿದೆ ಎಂದು ಬರೆಯುತ್ತಿದ್ದಾಗ ಮೇಸ್ತ್ರಿಗಳು ಮಾತಾಡಿದರು.

"ಬಿದ್ದಿಲ್ಲ ಬುದ್ಧಿ. ನೋಡಿ, ಅಲ್ಲೇ ಐತೆ. ಬೇಕಾದ್ರೆ ಒದ್ದು ನೋಡಿ." ಜೇಬಿನಿಂದ ತೂಕದ ಗುಂಡನ್ನು ತೆಗೆದು ಮುಂದೆ ಹಿಡಿದರು. "ಇಪ್ಪತ್ತೆಂಟು ವರ್ಷ ಆಯ್ತು. ಒಂದು ನೂಲು ಆಚೀಚೆ ಆಗಿದ್ರೆ ಹೇಳಿ."

ಶೇಕ್ದಾರರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅಲ್ಲಿ ಒಂದು ಮಾತು ಹೇಳಬೇಕಿತ್ತು, ಬರೆದವನು ನಾನು, ಅವರಿಗೆ ಓದಿ ಹೇಳಿರಲಿಲ್ಲ ಎಂದು. ಹೇಳಿದ್ದರೆ ನನಗೊಂದು ಮೆಮೋ ಬರುತ್ತಿತ್ತು, ಹೆಚ್ಚೆಂದರೆ ಒಂದು ವರ್ಷದ ಸಂಬಳ ಬಡ್ತಿ ನಿಲ್ಲುತ್ತಿತ್ತು. ಶೇಕ್ದಾರರು ನನ್ನನ್ನು ಉಳಿಸಲು 'ಅರ್ಜಿದಾರನ ಸುಳ್ಳು ಹೇಳಿಕೆ' ಎಂದು ಬರೆದರು. ಅದು ಜಮಾಬಂದಿಗೆ ಕಾಯುತ್ತಿದ್ದ ಅರ್ಜಿಯ ಜೊತೆಗೇ ಕಡತಕ್ಕೆ ಸೇರಿತು. ಒಂದರಲ್ಲಿ ಇಳಿಜಾರು, ಇನ್ನೊಂದರಲ್ಲಿ ಬಿದ್ದ ಗೋಡೆ. ಎರಡೂ ಒಟ್ಟಿಗೆ ಮುಚ್ಚಿಹೋದವು. ಜಮಾಬಂದಿಯ ದಿನ ಆ ಕಡತ ಕಪಾಟಿನಿಂದ ಹೊರಗೆ ಬರಲಿಲ್ಲ. ಅಂದು ಕಪಾಟಿನ ಬೀಗದ ಕೈ ನನ್ನ ಹತ್ತಿರವೇ ಇತ್ತು.

ಶೇಕ್ದಾರರು ಹೋದ ಮೇಲೆ ಪರದೆಯ ಹಿಂದಿನಿಂದ ಆಕೆ ಗಂಡನಿಗೆ ಹೇಳಿದ ಮಾತು ನನಗೆ ಕೇಳಿಸಿತು. "ಗೋಡೆ ಮಾನ ನೋಡ್ಕೊಂಡ್ರಿ. ನನ್ ಬೆನ್ನು ನೋಡ್ಲಿಲ್ಲ." ಮನೆಯಲ್ಲಿ ಅವರು ಯಾವಾಗಲೂ ಉರ್ದು ಆಡುತ್ತಿದ್ದರು. ಈ ಮಾತನ್ನು ಕನ್ನಡದಲ್ಲಿ ಹೇಳಿದರು. ನನಗೂ ತಲುಪಲಿ ಎಂದೇ ಇರಬೇಕು.

ಮೇಸ್ತ್ರಿಗಳು ನನ್ನನ್ನು ದೂರಲಿಲ್ಲ. ಆಮೇಲೂ ಜಗಲಿಗೆ ಕರೆದು ಚಹಾ ಕೊಡುತ್ತಿದ್ದರು. ರಂಜಾನ್ ಹಬ್ಬಕ್ಕೆ ಶ್ಯಾವಿಗೆ ಪಾಯಸ ಕಳಿಸಿದರು. ಆ ದಿನಗಳಲ್ಲೇ ಒಮ್ಮೆ, ಯಾವುದೋ ಮಾತಿನ ನಡುವೆ, ತಾವು ಮೊದಲು ಕಟ್ಟಿದ ಒಂದು ಮನೆಯ ಕತೆ ಹೇಳಿದರು. ಆ ಮನೆಯ ಮುದುಕಿ ದಿನವೂ ಬಂದು, ಒಂದು ಮೆಟ್ಟಿಲು ಕಮ್ಮಿ ಮಾಡೋ ಮಗ, ಮಂಡಿ ಬಗ್ಗಲ್ಲ ಎನ್ನುತ್ತಿದ್ದಳಂತೆ. ಇವರು, ಸ್ವರ್ಗಕ್ಕೆ ಇನ್ನೂ ಜಾಸ್ತಿ ಮೆಟ್ಟಿಲವೆ ಅಜ್ಜಿ, ಈಗಲೇ ಅಭ್ಯಾಸ ಮಾಡ್ಕೊ ಎಂದು ನಕ್ಕಿದ್ದರಂತೆ. "ಮೆಟ್ಲು ಕಟ್ಟೋನು ಕಾಲಿರೋರ್ನ ಮಾತ್ರ ನೆನುಸ್ಕೊಂತಾನೆ ಸಾಮಿ," ಎಂದರು. ಕತೆ ಅಲ್ಲಿಗೆ ನಿಂತಿತು. ಅವರ ಬೆರಳ ಗೆಣ್ಣು ಮಾತ್ರ ಗೋಡೆಯನ್ನು ತಟ್ಟುತ್ತಲೇ ಇತ್ತು.

ಆಕೆ ಬಿದ್ದದ್ದು ಮುಂದಿನ ವರ್ಷ ಬೇಸಗೆಯಲ್ಲಿ, ಬೆಳಿಗ್ಗೆ. ಒಂದು ಉಸಿರು, ಎರಡು ಉಸಿರು ಕೇಳಿಸಿತು. ಮೂರನೆಯದು ಕೇಳಲಿಲ್ಲ, ಹಂಡೆಯ ಸದ್ದು ಕೇಳಿತು. ನಾನು ಬೀದಿ ಬಾಗಿಲಿನಿಂದ ಓಡಿಹೋದೆ. ಮೆಟ್ಟಿಲ ಬುಡದಲ್ಲಿ ಆಕೆ ಬಿದ್ದಿದ್ದರು, ಅವರ ಮೇಲೆ ಮೇಸ್ತ್ರಿಗಳು. ಕೈ ಊರಿ ಪಕ್ಕಕ್ಕೆ ಹೊರಳಲು ನೋಡುತ್ತಿದ್ದರು, ತಮ್ಮ ಭಾರ ಅವರ ಮೇಲಿಂದ ಹೋಗಲಿ ಎಂದು. ಆಗುತ್ತಿರಲಿಲ್ಲ. ನಾನು ಎತ್ತಿ ಸರಿಸಿದೆ. ಆಕೆಯ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ಆಕೆ ಸೆರಗಿಗಾಗಿ ತಡಕಾಡುತ್ತಿದ್ದರು. ಸೆರಗು ಸಿಗಲಿಲ್ಲ, ನಾನು ಮುಖ ಆಚೆ ತಿರುಗಿಸಿದೆ.

ಸೊಂಟದ ಮೂಳೆ. ತುಮಕೂರಿನ ಆಸ್ಪತ್ರೆಗೆ ಲಾರಿಯಲ್ಲಿ ಕರೆದೊಯ್ದರು. ಎರಡು ತಿಂಗಳ ನಂತರ ತಿರುಗಿ ಬಂದರು. ಆಕೆ ಇನ್ನು ಎದ್ದು ನಿಲ್ಲಲಾರರು ಎಂದು ವೈದ್ಯರು ಹೇಳಿ ಕಳಿಸಿದ್ದರು. ಆ ಎರಡು ತಿಂಗಳು ಸೈಕಲ್ ಅಂಗಡಿಯವನೂ ನಾನೂ ಸರದಿಯ ಮೇಲೆ ಮೇಸ್ತ್ರಿಗಳನ್ನು ಇಳಿಸಿ ಹತ್ತಿಸಿದೆವು. ಅವರು ಎಷ್ಟು ಹಗುರವಾಗಿದ್ದರೆಂದು ನನಗೆ ಆಶ್ಚರ್ಯವಾಗಿತ್ತು. ಮೂರು ದಿನದ ಮೇಲೆ ನನ್ನ ಬೆನ್ನು ಹಿಡಿಯಿತು. ನನಗೆ ಆಗ ಇಪ್ಪತ್ತಾರು ವರ್ಷ.

ಆಕೆ ಮನೆಗೆ ಬಂದ ಮರುದಿನ ಅಂಗಳದ ಕಡೆಯಿಂದ ಕಲ್ಲಿನ ಮೇಲೆ ಉಳಿ ಬೀಳುವ ಸದ್ದು ಕೇಳಿ ಹೊರಗೆ ಬಂದೆ. ಗೋಡೆಯ ಆಚೆ ಎರಡು ಪೀಪಾಯಿಗಳ ಮೇಲೆ ಹಲಗೆ ಹಾಸಿ ಅದರ ಮೇಲೆ ಮೇಸ್ತ್ರಿಗಳು ಕೂತಿದ್ದರು. ಸೈಕಲ್ ಅಂಗಡಿಯವನು ಹತ್ತಿಸಿ ಹೋಗಿದ್ದ. ಗೋಡೆಯ ಮೇಲಿನ ವರಸೆಯ ಕಲ್ಲುಗಳನ್ನು ಒಂದೊಂದಾಗಿ ಬಿಡಿಸಿ ಹಗ್ಗ ಕಟ್ಟಿ ಕೆಳಗೆ ಬಿಡುತ್ತಿದ್ದರು. ಒಂದು ಕಲ್ಲೂ ಒಡೆಯದ ಹಾಗೆ. ಇಪ್ಪತ್ತೊಂಬತ್ತು ವರ್ಷದ ಗಾರೆ ಅಷ್ಟು ಬೇಗ ಬಿಡುತ್ತಿರಲಿಲ್ಲ. ತಲೆ ಕೆಟ್ಟಿತೇನೋ ಎಂದುಕೊಂಡೆ. ಏನು ಮೇಸ್ತ್ರಿಗಳೇ ಇದು, ಮರೆಯ ಗೋಡೆ ಎಂದೆ.

"ಅವ್ಳು ನಿಲ್ಲೋತನ್ಕ ಇದ್ನ ಮುಟ್ಟಂಗಿರ್ಲಿಲ್ಲ ಸಾಮಿ," ಎಂದರು. "ಈಗ ನಾವಿಬ್ರೂ ಕೂತಿರೋರೇ. ಕೂತಿರೋರ ಮರೆಗೆ ಮೂರುವರೆ ಅಡಿ ಸಾಕು. ಅಳತೆ ನೋಡಿವ್ನಿ. ಮಿಕ್ಕಿದ ಕಲ್ಲು ಇಳಿಜಾರಿಗೆ ಸರಿಯಾಯ್ತದೆ."

ಕೆಳಗೆ ಅಂಗಳದಲ್ಲಿ ಆಕೆ ಬೇರಿಂಗ್ ಗಾಡಿಯ ಮೇಲೆ ಕೂತಿದ್ದರೆಂದು ದನಿಯಿಂದ ತಿಳಿಯಿತು. "ಬೇಗ ಮುಗ್ಸಿ, ಬಿಸಿಲು" ಎನ್ನುತ್ತಿದ್ದರು.

ನಾನು ಕಲ್ಲು ಹೊರಲು ಬರುತ್ತೇನೆ ಎಂದೆ. ಅವರು ಉಳಿ ನಿಲ್ಲಿಸದೆ, "ಬರೆಯೋದು ನಿಮ್ ಕೆಲ್ಸ, ಇದು ನಮ್ದು" ಎಂದರು. ಚುಚ್ಚಿ ಹೇಳಿದರೋ, ಸುಮ್ಮನೆ ಹೇಳಿದರೋ, ಏಳು ವರ್ಷದಿಂದ ಯೋಚಿಸುತ್ತಿದ್ದೇನೆ.

ಹತ್ತೊಂಬತ್ತು ದಿನ ಹಿಡಿಯಿತು. ಇದು ದಿನಚರಿಯಲ್ಲಿದೆ. ಹೊಸ್ತಿಲನ್ನೂ ಕಡಿದು ತೆಗೆದರು. ಮಣ್ಣನ್ನು ಸೈಕಲ್ ಅಂಗಡಿಯವನು ಹೊತ್ತು ಹಾಕಿದ. ಸುಣ್ಣಕ್ಕೆ ಏನು ಮಾಡಿದರೆಂದು ಕೇಳಿದ್ದಕ್ಕೆ ತಮ್ಮ ಕೆಲಸದ ಸಾಮಾನನ್ನು ಮಾರಿದೆ ಎಂದರು. ಕರಣೆ, ರಸಮಟ್ಟ, ಸುತ್ತಿಗೆ, ಎಲ್ಲ. ಕರಣೆಯನ್ನು ಕೊಂಡವನಿಂದಲೇ ಆ ಹತ್ತೊಂಬತ್ತು ದಿನಕ್ಕೆ ಎರವಲು ಇಟ್ಟುಕೊಂಡಿದ್ದರು. ಗುಂಡು ಮಾತ್ರ ಜೇಬಿನಲ್ಲೇ ಇತ್ತು.

ಕೆಲಸ ಮುಗಿಯುವ ಹೊತ್ತಿಗೆ ನಾನು ಇನ್ನೊಂದು ಮೂರ್ಖತನ ಮಾಡಿದೆ. ಈಗ ತನಿಖೆಗೆ ಬಂದರೆ ಗೋಡೆ ಅರ್ಧಕ್ಕರ್ಧ ಇಲ್ಲ, ಇನ್ನೊಮ್ಮೆ ಅರ್ಜಿ ಹಾಕಬಹುದು, ಗೋಡೆ ಬಿದ್ದಿದೆ ಅಂತ ಬರೆದರೆ ಯಾರೂ ಇಲ್ಲವೆನ್ನಲಾರರು ಎಂದೆ. ಅವರು ಮೊದಲ ಸಲ ಗೋಡೆ ತಟ್ಟುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

"ಬಿದ್ದಿಲ್ಲ ಸಾಮಿ. ಇಳ್ಸಿದ್ದೀನಿ."

ಆಮೇಲೆ ನಾನು ಅಲ್ಲಿ ಇದ್ದದ್ದು ಮೂರು ವರ್ಷ. ಗಾಡಿ ಒಂದೇ. ಅದರ ಮೇಲೆ ಆಕೆ ಕೂರುತ್ತಿದ್ದರು. ಹಿಂದೆ ಮೇಸ್ತ್ರಿಗಳು ನೆಲದ ಮೇಲೆ ಕೂತು, ಒಂದು ಕೈಯಿಂದ ಗಾಡಿಯನ್ನು ಹಿಡಿದು, ಇನ್ನೊಂದು ಕೈ ಊರಿ, ತೆವಳುತ್ತ ಇಳಿಸುತ್ತಿದ್ದರು. ಆಕೆ ಬಚ್ಚಲಲ್ಲಿ ಇಳಿದ ಮೇಲೆ ಗಾಡಿಯನ್ನು ತಾವು ತೆಗೆದುಕೊಳ್ಳುತ್ತಿದ್ದರು. ಎರಡನೇ ಗಾಡಿ ಮಾಡಿಕೊಡುತ್ತೇನೆಂದು ಸೈಕಲ್ ಅಂಗಡಿಯವನು ಹೇಳಿದರೆ, ಮಾಡಿಡು, ಗಿರಾಕಿ ಬಂದಾಗ ಮಾರು ಎಂದು ಕಳಿಸಿದರಂತೆ. ಇದನ್ನೆಲ್ಲ ನಾನು ಕಣ್ಣಾರೆ ನೋಡಿದ್ದಲ್ಲ, ಸೈಕಲ್ ಅಂಗಡಿಯವನ ಮಾತಿನಿಂದ, ಶಬ್ದದಿಂದ ತಿಳಿದದ್ದು. ಗರಗರ ಎಂದು ಬೇರಿಂಗು ಉರುಳುವ ಸದ್ದು, ತಿರುವಿನಲ್ಲಿ ಅದು ನಿಲ್ಲುವುದು, ಮತ್ತೆ ಗರಗರ. ಇಳಿಜಾರಿನಲ್ಲಿ ಯಾರೂ ಅಲ್ಲಾನನ್ನು ಕರೆಯುತ್ತಿರಲಿಲ್ಲ.

ಆ ಗೋಡೆ ಕೂತವರಿಗೆ ಮರೆ, ನಿಂತವನಿಗೆ ಅಲ್ಲ. ನನ್ನ ಅಂಗಳದಲ್ಲಿ ನಾನು ಸುಮ್ಮನೆ ನಿಂತರೂ ಅವರ ಅಂಗಳವೆಲ್ಲ ಕಾಣುತ್ತಿತ್ತು. ಮೇಸ್ತ್ರಿಗಳು ಅದರ ಬಗ್ಗೆ ನನಗೆ ಏನೂ ಹೇಳಲಿಲ್ಲ. ಹೇಳದೆ ಬಿಟ್ಟದ್ದು ನಂಬಿಕೆಯೋ, ಶಿಕ್ಷೆಯೋ. ಬೇರಿಂಗಿನ ಸದ್ದು ಕೇಳಿದಾಗ ನಾನು ಹಿತ್ತಿಲಿಗೆ ಹೋಗುತ್ತಿರಲಿಲ್ಲ. ಅಲ್ಲೇ ಇದ್ದಾಗ ಸದ್ದು ಕೇಳಿದರೆ ಕುಕ್ಕರುಗಾಲಿನಲ್ಲಿ ಕೂತುಬಿಡುತ್ತಿದ್ದೆ, ಆ ಸದ್ದು ಮತ್ತೆ ಮೇಲೆ ಹೋಗಿ ನಿಲ್ಲುವವರೆಗೆ. ಒಗೆದ ಬಟ್ಟೆ ಕೈಯಲ್ಲೇ ಇರುತ್ತಿತ್ತು. ಕೆಲವು ದಿನ ಕಚೇರಿಗೆ ತಡವಾಗುತ್ತಿತ್ತು. ಗೋಡೆಯ ಈಚೆ ನಾನು, ಆಚೆ ಅವರಿಬ್ಬರು, ಮೂವರೂ ಒಂದೇ ಎತ್ತರದಲ್ಲಿ. ಬೇರೆ ಏನನ್ನೂ ನಾನು ಅವರಿಗಾಗಿ ಮಾಡಲಿಲ್ಲ.

ವರ್ಗವಾಗಿ ಹೊರಟ ದಿನ ಹೇಳಿಬಿಡಬೇಕೆಂದು ಜಗಲಿಗೆ ಹೋದೆ. ಆ ಸಾಲನ್ನು ನಿಮಗೆ ಓದಿರಲಿಲ್ಲ ಎಂದು. ಅವರು ಚಹಾ ತರಿಸಿದರು, ಮಧುಗಿರಿಯಲ್ಲಿ ಮನೆ ಹಿಡಿಯುವಾಗ ಗೋಡೆ ತಟ್ಟಿ ನೋಡಿ ಎಂದರು, ಪುಸ್ತಕ ನೆಲದಿಂದ ಎತ್ತರಕ್ಕಿಡಿ ಎಂದರು. ಬಸ್ಸಿನ ಹೊತ್ತಾಯಿತು. ಹೇಳಲಿಲ್ಲ.

ಆಕೆ ಹೋದದ್ದು ಹೋದ ವರ್ಷ. ಈಗ ಇವರು. ಕಾರ್ಡಿನಲ್ಲಿ ಉಳಿದ ಸಾಲುಗಳು ಇವು: "ಮನೆಯನ್ನು ತುಮಕೂರಿನ ಕಡೆಯವರು ಕೊಂಡರು. ಬಂದ ತಕ್ಷಣ ಇಳಿಜಾರು ತೆಗೆಸಿ ಮೆಟ್ಟಿಲು ಹಾಕಿಸಿದ್ದಾರೆ, ಗೋಡೆಯನ್ನು ಮೊದಲಿನಷ್ಟೇ ಎತ್ತರ ಮಾಡಿಸಿದ್ದಾರೆ. ಎಲ್ಲಾ ಆ ಕಲ್ಲಿನಲ್ಲೇ ಸರಿಹೋಯಿತು, ಒಂದು ಕಲ್ಲೂ ಹೊರಗಿಂದ ತರಲಿಲ್ಲ."

ಅರವತ್ತೊಂದರ ದಿನಚರಿ ಇನ್ನೂ ಮೇಜಿನ ಮೇಲೆ ತೆರೆದೇ ಇದೆ. 'ಓದಿ ಹೇಳಿ' ಎಂಬ ಎರಡು ಪದಗಳ ಮೇಲೆ ಈಗ ಗೆರೆ ಎಳೆದೆ. ಪಕ್ಕದ ಅಂಚಿನಲ್ಲಿ ಜಾಗ ಕಡಿಮೆ ಇತ್ತು. ಸಣ್ಣ ಅಕ್ಷರದಲ್ಲಿ ಬರೆದೆ: ಗೋಡೆ ಬಿದ್ದಿರಲಿಲ್ಲ. ಬಿದ್ದಿದೆ ಎಂದು ಬರೆದವನು ನಾನು.